ಮೂರು ತಾಕಿನ ಮಣ್ಣು: ಮಗಳಿಗೊಂದು ಪತ್ರ

ಪುಟ್ಟಿ,

ಹೋದ ವಾರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಹಾಸ್ಟೆಲ್‌ನಿಂದ ಫೋನ್ ಮಾಡಿ, "ಅಪ್ಪಾ, ನಮ್ಮ ಹೆಸರಘಟ್ಟದ ಹೊಲದಲ್ಲಿ ಯಾವ ತಾಕಿನ ಮಣ್ಣು ಚೆನ್ನಾಗಿದೆ?" ಅಂತ ಕೇಳಿದೆ. ನಾನು ಥಟ್ಟನೆ ಟೊಮೇಟೊ ತಾಕು ಅಂದೆ. ಅದು ತಪ್ಪು ಮಗಳೇ.

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಆ ತಾಕಿಗೆ ರಂಜಕ ಜಾಸ್ತಿ ಅಂತಿದೆ. ನಾನು ಅಷ್ಟನ್ನೇ ನೋಡಿದ್ದೆ. ರಂಜಕವಿರುವ ಡಿಎಪಿ ಗೊಬ್ಬರವನ್ನು ವರ್ಷಾನುಗಟ್ಟಲೆ ಹಾಕಿದ್ದೇವೆ. ನಮ್ಮ ಕೆಂಪು ಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಕಾರ್ಡಿನಲ್ಲಿ ಸಾವಯವ ಇಂಗಾಲ, ಅಂದರೆ ಕೊಳೆತ ಸೊಪ್ಪು, ಗೊಬ್ಬರದಿಂದ ಮಣ್ಣಿಗೆ ಸೇರುವ ಇಂಗಾಲ, ಶೇಕಡಾ 0.38 ಅಂತಿತ್ತು. 0.5ಕ್ಕಿಂತ ಕೆಳಗಿದ್ದರೆ ಅದು ಕಡಿಮೆ. 2015ರಲ್ಲಿ ಶುರುವಾದ ಈ ಕಾರ್ಡು 12 ಅಂಶ ಹೇಳುತ್ತದೆ. ಒಳ್ಳೆಯ ಕೆಲಸವೇ. ಆದರೆ ನೀರು ಇಂಗುತ್ತದಾ, ಎರೆಹುಳ ಇದೆಯಾ ಅನ್ನೋದು ಅದರಲ್ಲಿಲ್ಲ.

ಅದಕ್ಕೆ ಟೊಮೇಟೊ ತಾಕು, ಅಜ್ಜಿ ರಾಗಿ ಬೆಳೆಯುವ ತಾಕು, ನೀಲಗಿರಿ ಕಿತ್ತ ತಾಕು, ಈ ಮೂರರಿಂದಲೂ ಒಂದೊಂದು ಹೆಂಟೆ ತಂದು ಒಣಗಿಸಿ, ನೀರಿನ ಲೋಟಕ್ಕೆ ಬಿಟ್ಟೆ. ಟೊಮೇಟೊ ತಾಕಿನ ಹೆಂಟೆ ನೋಡನೋಡುತ್ತಲೇ ಕರಗಿ ಕೆಸರಾಯಿತು. ಅಜ್ಜಿ ತಾಕಿನದು ಅರ್ಧ ಗಂಟೆಯಾದರೂ ಹಾಗೇ ಇತ್ತು. ರೋಟವೇಟರ್ ಹೊಡೆದೂ ಹೊಡೆದೂ ಟೊಮೇಟೊ ತಾಕಿನ ಮಣ್ಣನ್ನು ನಾನೇ ಹಿಟ್ಟು ಮಾಡಿದ್ದೇನೆ. ಅಜ್ಜಿ ಮಾತ್ರ ರಾಗಿ ಜೊತೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು (ನಡುನಡುವೆ ಹಾಕುವ ಮಿಶ್ರ ಬೆಳೆ ಸಾಲು) ಬಿಡಲಿಲ್ಲ. ಕೊಟ್ಟಿಗೆ ಗೊಬ್ಬರ ತಪ್ಪಿಸಲಿಲ್ಲ. ಕೆರೆ ಗೋಡು, ಅಂದರೆ ಹೂಳು, ಸಿಕ್ಕ ವರ್ಷ ಗಾಡಿಗಟ್ಟಲೆ ಹೊಡೆಸಿದರು.

ಆಮೇಲೆ ತಳ ತೆಗೆದ ಎಣ್ಣೆ ಡಬ್ಬ ನೆಟ್ಟು ಒಂದೊಂದು ಚೊಂಬು ನೀರು ಹಾಕಿದೆ. ಅಜ್ಜಿ ತಾಕು ಕುಡಿದುಬಿಟ್ಟಿತು. ಟೊಮೇಟೊ ತಾಕಿನಲ್ಲಿ ನಿಂತೇ ಇತ್ತು. ಒಂದಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಎರೆಹುಳ ಎಣಿಸಿದೆ: ಅಜ್ಜಿ ತಾಕಿನಲ್ಲಿ 11, ಟೊಮೇಟೊ ತಾಕಿನಲ್ಲಿ ಒಂದು. ನೀಲಗಿರಿ ಕಿತ್ತ ತಾಕಿನಲ್ಲಿ ಒಂದೂ ಇಲ್ಲ. ಮಳೆ ಬಿದ್ದು ಹದವಿದ್ದಾಗಲೇ ಎಣಿಸಬೇಕು. ಬೇಸಿಗೆಯಲ್ಲಿ ಅವು ಆಳಕ್ಕೆ ಇಳಿದಿರುತ್ತವೆ.

ಆದರೆ ನೀಲಗಿರಿ ತಾಕನ್ನು ನಿನ್ನ ಹೋಲಿಕೆಗೆ ಸೇರಿಸಬೇಡ. ಅದು ದಿಣ್ಣೆ ಮೇಲಿದೆ, ಬರೀ ಗರಸು ಕಲ್ಲಿನ ಮಣ್ಣು. ಕೆಟ್ಟದ್ದು ಬೇಸಾಯದಿಂದಲೋ, ಮೊದಲಿಂದಲೇ ಹಾಗಿತ್ತೋ ಹೇಗೆ ಹೇಳ್ತೀಯ? ಉಳಿದೆರಡು ಒಂದೇ ಮಟ್ಟದಲ್ಲಿವೆ, ಒಂದೇ ಮಣ್ಣು.

ಮಾದರಿ ತೆಗೆಯುವಾಗ ಬದು, ಮರದ ನೆರಳು, ತಿಪ್ಪೆ ಹತ್ತಿರ ಹೋಗಬೇಡ. ಒಂದು ಸಲ ನಾನು ತಿಪ್ಪೆ ಪಕ್ಕದ ಮಣ್ಣು ಕೊಟ್ಟು, ಬಂದ ಅಂಕಿಯನ್ನೇ ನಂಬಿದ್ದೆ. ಅಡ್ಡಾದಿಡ್ಡಿಯಾಗಿ ನಡೆದು ಎಂಟು ಹತ್ತು ಕಡೆ ತೆಗೆ. ಎಲ್ಲಾ ಕಡೆ 15 ಸೆಂಟಿಮೀಟರ್ ಆಳವೇ ಇರಲಿ. ಇಂಗಾಲ ಮೇಲ್ಪದರದಲ್ಲೇ ಜಾಸ್ತಿ ಇರೋದು, ಆಳ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಒಂದೇ ವರ್ಷದಲ್ಲಿ ಇಂಗಾಲ ಏರಬೇಕು ಅಂತ ಕಾಯಬೇಡ. ನಿಮ್ಮ ಜಿಕೆವಿಕೆಯಲ್ಲೇ 1986ರಿಂದ ರಾಗಿ, ಮುಸುಕಿನ ಜೋಳದ ಮೇಲೆ ಗೊಬ್ಬರದ ಪ್ರಯೋಗ ನಡೀತಿದೆಯಲ್ವಾ? ಅದೇ ತಾಕಿಗೆ ಪ್ರತಿ ವರ್ಷ ಅದೇ ಗೊಬ್ಬರ. ಬರೀ ಸಾರಜನಕ ಕೊಟ್ಟ ತಾಕಿನ ಮುಂದೆ, ಆಮೇಲೆ ಕೊಟ್ಟಿಗೆ ಗೊಬ್ಬರವೂ ಸೇರಿದ ತಾಕಿನ ಮುಂದೆ ಒಂದಷ್ಟು ಹೊತ್ತು ನಿಂತು ಹೋಲಿಸಿ ನೋಡು.

ಟೊಮೇಟೊ ತಾಕನ್ನು ಎರಡು ಭಾಗ ಮಾಡಿ ಗೂಟ ನೆಟ್ಟಿದ್ದೇನೆ. ಒಂದರಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲಿದ್ದೇನೆ, ಹೂ ಬಿಡುವಾಗ ಉತ್ತು ಮಣ್ಣಿಗೆ ಸೇರಿಸುತ್ತೇನೆ. ಇನ್ನೊಂದು ಇದ್ದ ಹಾಗೇ ಇರುತ್ತದೆ. ಶನಿವಾರ ಬಾ. ಉಳುವ ಮೊದಲು ಎರಡರದ್ದೂ ಮಣ್ಣು ತೆಗೆದಿಡೋಣ.

ನಿನ್ನ ಅಪ್ಪ