ದಿನಾಂಕ ಮೊದಲೇ ಹೇಳಿ, ಹೇಳಿದ ಮೇಲೆ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಕಾರು ಉದ್ಯಮಕ್ಕೆ ಸರ್ಕಾರದ ನೆರವು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ದೊಡ್ಡ ಕಂಪನಿ, ಬ್ಯಾಟರಿ ಕಾರ್ಖಾನೆ, ಚಾರ್ಜಿಂಗ್ ಸ್ಟೇಷನ್. ಇವುಗಳ ಹಿಂದೆ ಬಿಡಿಭಾಗ ಮಾಡುವ ಸಣ್ಣವರಿದ್ದಾರೆ. ನಾನೂ ಅವರಲ್ಲೊಬ್ಬ. 22 ವರ್ಷದಿಂದ ಪುಟ್ಟ ಮೆಷಿನ್ ಶಾಪ್ ನಡೆಸುತ್ತಿದ್ದೇನೆ. ನಾವು ಮಾಡುವುದು ವಾಲ್ವ್ ಗೈಡ್.

ಅದೊಂದು ಹೆಬ್ಬೆರಳುದ್ದದ ಲೋಹದ ಕೊಳವೆ. ಇಂಜಿನ್ ಹೆಡ್‌ನಲ್ಲಿ ಕೂತಿರುತ್ತದೆ. ಇಂಜಿನ್ನಿಗೆ ಗಾಳಿ ಬಿಟ್ಟು ಹೊಗೆ ಹೊರಗೆ ಹಾಕುವ ವಾಲ್ವಿನ ಕಡ್ಡಿ ಅದರೊಳಗೇ ಮೇಲೆ ಕೆಳಗೆ ಆಡುತ್ತದೆ. ತೂತು ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಾದರೂ ಆಯಿಲ್ ಇಳಿದು ಹೊಗೆ ಬರುತ್ತದೆ. ಚಿಕ್ಕದಾದರೆ ವಾಲ್ವ್ ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ರೀಮಿಂಗ್, ಅಂದರೆ ತೂತನ್ನು ಸರಿ ಅಳತೆಗೆ ತರುವ ಕೆಲಸ, ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಮೆಷಿನ್ ಸದ್ದು ಕೇಳಿಯೇ ‘ರೀಮರ್ ಮೊಂಡಾಯ್ತು, ಬದಲಾಯಿಸಿ’ ಅನ್ನುತ್ತಾರೆ. ಆಮೇಲೆ ಗೇಜ್ ಹಾಕಿ ನೋಡಿದರೆ ಅವರ ಮಾತೇ ನಿಜ. ಆ ಕಿವಿ ಒಂದೆರಡು ವರ್ಷದಲ್ಲಿ ಬಂದದ್ದಲ್ಲ.

ವಿದ್ಯುತ್ ಕಾರಿನಲ್ಲಿ ಇಂಜಿನ್ನೇ ಇಲ್ಲ, ಹಾಗಾಗಿ ಈ ವಾಲ್ವೂ ಇಲ್ಲ. ವಾಲ್ವ್ ಇಲ್ಲದ ಮೇಲೆ ಗೈಡ್ ಯಾಕೆ? ಪಿಸ್ಟನ್ ರಿಂಗ್, ಕ್ಯಾಮ್ ಶಾಫ್ಟ್, ಸೈಲೆನ್ಸರ್ ಮಾಡುವವರ ಪಾಡೂ ಇದೇ. ಹಾಗಂತ ನಾನು ವಿದ್ಯುತ್ ಕಾರನ್ನು ದೂರುವುದಿಲ್ಲ. ಹೊಗೆ ಕಡಿಮೆಯಾಗಲೇಬೇಕು. ನಮ್ಮ ಮಕ್ಕಳು ಉಸಿರಾಡುವುದೂ ಅದೇ ಗಾಳಿ ಅಲ್ವಾ? ನಿಯಮ ಬಿಗಿಯಾಯಿತು ಅನ್ನುವುದೂ ನನ್ನ ತಕರಾರಲ್ಲ. ಅದು ಯಾವಾಗ ಬರುತ್ತದೆ, ಬಂದರೆ ಎಷ್ಟು ದಿನ ನಿಲ್ಲುತ್ತದೆ, ಅದೇ ನಮಗೆ ತಿಳಿಯುವುದಿಲ್ಲ.

ಬಿಗಿ ನಿಯಮ ಉದ್ಯಮವನ್ನು ಕೊಲ್ಲುತ್ತದೆ ಅನ್ನುವವರು 1970ರ ಅಮೆರಿಕವನ್ನು ನೋಡಲಿ. ಆ ವರ್ಷದ ಶುದ್ಧ ಗಾಳಿ ಕಾಯ್ದೆ, 1975ರ ಕಾರುಗಳಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಶೇ 90ರಷ್ಟು ಇಳಿಯಬೇಕು ಎಂದಿತು. ಅಲ್ಲಿನ ದೊಡ್ಡ ಕಂಪನಿಗಳು ಆಗದ ಮಾತು ಅಂದವು. ಕಾರಿಗೆ ಆಗಿನ್ನೂ ಹೊಸಬರಾಗಿದ್ದ ಜಪಾನಿನ ಹೋಂಡಾದವರು ಸಿವಿಸಿಸಿ ಅನ್ನುವ ಕಡಿಮೆ ಹೊಗೆಯ ಇಂಜಿನ್ ಮಾಡಿ ತೋರಿಸಿದರು, ಅದೂ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆ. ಒಂದೊಂದು ಸಿಲಿಂಡರಿಗೂ ಮೂರನೆಯದೊಂದು ಪುಟ್ಟ ವಾಲ್ವ್ ಇಟ್ಟಿದ್ದರು. ನನ್ನಂಥವನಿಗೆ ಅದನ್ನು ಓದಿದರೇ ಖುಷಿ. ಅವರ ಕೈಯಲ್ಲಿ ಐದು ವರ್ಷವಿತ್ತು.

ಜರ್ಮನಿಯಲ್ಲಿ ಆದದ್ದೇ ಬೇರೆ. ವಿದ್ಯುತ್ ಕಾರು ಕೊಳ್ಳುವವರ ಸಹಾಯಧನವನ್ನು 2023ರ ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ರಾತ್ರೋರಾತ್ರಿ ನಿಲ್ಲಿಸಿದರು. ಮರುವರ್ಷ ಅಂಥ ಕಾರುಗಳ ನೋಂದಣಿ ಕಾಲುಭಾಗಕ್ಕೂ ಜಾಸ್ತಿ ಬಿದ್ದುಹೋಯಿತು. ಚೀನಾ ಇಂಥದೇ ಸಹಾಯಧನವನ್ನು 2009ರಲ್ಲಿ ಶುರುಮಾಡಿ, ಹಂತಹಂತವಾಗಿ ಇಳಿಸಿ, 2022ರ ಕೊನೆಗೆ ಕೈಬಿಟ್ಟಿತು. ಅಷ್ಟರಲ್ಲಿ ಅಲ್ಲಿ ಬ್ಯಾಟರಿಯವರು, ಮೋಟಾರಿನವರು ಬೇರು ಬಿಟ್ಟಾಗಿತ್ತು.

ನನ್ನದೇ ಅನುಭವ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಮ್ಮಿಂದ ಮಾಲು ಕೊಳ್ಳುವ ಕಂಪನಿಯವರು ‘ಇಂಜಿನ್ ನಿಲ್ಲಿಸುತ್ತೇವೆ, ವಿದ್ಯುತ್ ಕಾರಿನ ಮೋಟಾರಿಗೆ ಶಾಫ್ಟ್ ಮಾಡಿ’ ಅಂದರು. ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗಕ್ಕೂ ನಮ್ಮ ಕೆಲಸದಷ್ಟೇ ನಾಜೂಕು ಬೇಕು, ನಮಗೆ ಆಗದ್ದಲ್ಲ. ಗ್ರೈಂಡಿಂಗ್ ಮೆಷಿನಿಗೆ ಕೊಟೇಶನ್ ತಂದೆ. ಇಬ್ಬರು ಹುಡುಗರನ್ನು ಕಲಿಯಲು ಕಳಿಸಿದೆ. ಬ್ಯಾಂಕಿನವರು ಆರ್ಡರ್ ತೋರಿಸಿದರೆ ಸಾಲ ಅಂದರು. ಕಂಪನಿಯವರು ಮೆಷಿನ್ ಕೂರಿಸಿದರೆ ಆರ್ಡರ್ ಅಂದರು. ಆರು ತಿಂಗಳು ಹೀಗೇ ಓಡಾಡಿದೆ. ಕೊನೆಗೆ ಕಂಪನಿಯಿಂದ ಫೋನ್ ಬಂತು: ನೀತಿ ಬದಲಾಗಿದೆ, ಇಂಜಿನ್, ಮೋಟಾರ್ ಎರಡೂ ಇರುವ ಹೈಬ್ರಿಡ್ ಕಾರು ಮುಂದುವರಿಯುತ್ತದೆ, ಗೈಡ್ ಜಾಸ್ತಿ ಮಾಡಿ. ಹುಡುಗರು ವಾಪಸ್ ಹಳೇ ಮೆಷಿನಿಗೆ ಬಂದರು. ಒಬ್ಬ ಕೆಲಸ ಬಿಟ್ಟು ಹೋದ.

ಅದಕ್ಕೇ ಕೇಳುತ್ತಿದ್ದೇನೆ. ಸರ್ಕಾರದ ಹಣ ಪಡೆಯುವ ದೊಡ್ಡ ಕಂಪನಿ, ಮುಂದಿನ ಐದು ವರ್ಷ ಏನು ಬೇಕು, ಏನು ಬೇಡ ಅಂತ ತನಗೆ ಬಿಡಿಭಾಗ ಕೊಡುವವರಿಗೆ ಬರೆದುಕೊಡಬೇಕು. ನೆರವಿನ ಷರತ್ತಿನಲ್ಲೇ ಇದು ಇರಲಿ. ಆ ಕಾಗದ ತೋರಿಸಿದರೆ ಬ್ಯಾಂಕ್ ಸಾಲ ಕೊಡುವಂತಾಗಲಿ, ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲಲಿ. ಮೊದಲೇ ಹೇಳುವುದು ಸಾಧ್ಯವಿಲ್ಲದ್ದೇನಲ್ಲ. ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಬಳಸುವ ಕೋಬಾಲ್ಟಿನಲ್ಲಿ ಶೇ 16, ಲಿಥಿಯಂ ಮತ್ತು ನಿಕ್ಕಲ್‌ನಲ್ಲಿ ತಲಾ ಶೇ 6 ಮರುಬಳಕೆಯದ್ದಿರಬೇಕು ಎಂದು ಯುರೋಪ್ ಒಕ್ಕೂಟ ಕಾನೂನು ಮಾಡಿದ್ದು 2023ರಲ್ಲಿ. ಜಾರಿಗೆ ಇಟ್ಟ ದಿನ 2031ರ ಆಗಸ್ಟ್.

ನಮ್ಮ ರೀಮಿಂಗ್ ಹಿರಿಯರ ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಶಾಫ್ಟ್ ಕೆಲಸ ಕಲಿಯಲು ಅವರು ಈಗಲೂ ತಯಾರಿದ್ದಾರೆ. ಕಲಿತು, ಹುಡುಗರಿಗೆ ಕಲಿಸಲು ನಾಲ್ಕು ವರ್ಷ ಸಾಕು ಅನ್ನುತ್ತಾರೆ, ಈಗಲೇ ಶುರುಮಾಡಿದರೆ.

ಇಂತಿ,
ಬಿಡಿಭಾಗ ತಯಾರಿಸುವ ಒಬ್ಬ ಓದುಗ