ಎಲೆಕ್ಟ್ರಾನ್ ಚುಕ್ಕಿ ರಚನೆಯ ಪಾಠದಲ್ಲಿರುವ ತಪ್ಪುಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದ ವಿಜ್ಞಾನ ಅಭ್ಯಾಸದಲ್ಲಿನ ತಪ್ಪು ಉತ್ತರಗಳನ್ನು ಸರಿಪಡಿಸುವ ಕುರಿತು.

ನಮ್ಮ ಪ್ರೌಢಶಾಲೆಯ ಹತ್ತನೇ ತರಗತಿಯ ಮಕ್ಕಳಿಗಾಗಿ ತಮ್ಮ ಕಲಿಕಾ ಆ್ಯಪ್‌ಗೆ ವಾರ್ಷಿಕ ಚಂದಾ ಕಟ್ಟಿದ್ದೇವೆ. ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಅಧ್ಯಾಯದ ಅಭ್ಯಾಸದಲ್ಲಿ ಅಣುಗಳ ಎಲೆಕ್ಟ್ರಾನ್ ಚುಕ್ಕಿ ರಚನೆಗೆ (ಪರಮಾಣುಗಳ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರಕ್ಕೆ) ಕೊಟ್ಟಿರುವ ಮಾದರಿ ಉತ್ತರಗಳೇ ತಪ್ಪಾಗಿದ್ದು, ಸರಿಯಾಗಿ ಬಿಡಿಸಿದ ಮಕ್ಕಳಿಗೆ ಸೊನ್ನೆ ಬೀಳುತ್ತಿದೆ.

ಕಾರ್ಬನ್ ಡೈಆಕ್ಸೈಡಿನ ಚಿತ್ರವನ್ನೇ ನೋಡಿ. ಕಾರ್ಬನ್ನಿನ ಎರಡೂ ಬದಿಗೆ ಒಂದೊಂದೇ ಬಂಧದ ಜೋಡಿಯನ್ನೂ ಪ್ರತಿ ಆಕ್ಸಿಜನ್ನಿನ ಸುತ್ತ ಬಂಧದಲ್ಲಿ ಸೇರದ ಮೂರು ಜೋಡಿಗಳನ್ನೂ ತೋರಿಸಲಾಗಿದೆ. ಕಾರ್ಬನ್ನಿನ 4 ಎಲೆಕ್ಟ್ರಾನ್, ಎರಡು ಆಕ್ಸಿಜನ್‌ಗಳ 12, ಒಟ್ಟು 16 ಎಂಬ ಲೆಕ್ಕ ತಾಳೆಯಾಗುವುದರಿಂದ ಚಿತ್ರ ಬರೆದವರಿಗೆ ಅನುಮಾನ ಬಂದಿರಲಿಕ್ಕಿಲ್ಲ. ಆದರೆ ಅದರಲ್ಲಿ ಕಾರ್ಬನ್ನಿನ ಪಾಲಿಗೆ ಉಳಿದಿರುವುದು ನಾಲ್ಕೇ ಎಲೆಕ್ಟ್ರಾನ್; ಅದು ಸ್ಥಿರವಾಗಲು ಎಂಟು ಬೇಕು. ಪ್ರತಿ ಆಕ್ಸಿಜನ್ ತನ್ನ ಒಂದು ಜೋಡಿಯನ್ನು ಬಂಧಕ್ಕೆ ಸರಿಸಿ, ಎರಡೂ ಕಡೆ ದ್ವಿಬಂಧವಾದಾಗಲೇ ಮೂರೂ ಪರಮಾಣುಗಳಿಗೆ ಎಂಟೆಂಟು ಸಿಗುತ್ತವೆ. ಹಾಗೆ ಬಿಡಿಸಿದ ವಿದ್ಯಾರ್ಥಿನಿಗೆ ಆ್ಯಪ್ ಕೆಂಪು ಗುರುತು ಹಾಕಿದೆ.

ಅಮೋನಿಯಾದ ಚಿತ್ರದಲ್ಲಿ ನೈಟ್ರೋಜನ್ನಿನ ಮೇಲಿರಬೇಕಾದ ಒಂಟಿ ಜೋಡಿಯೇ (ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ಇಲ್ಲ. ಒಟ್ಟು 8 ಎಲೆಕ್ಟ್ರಾನ್‌ಗಳಲ್ಲಿ ಮೂರು ಬಂಧಗಳಿಗೆ 6 ಹೋದರೆ ಮಿಕ್ಕ ಎರಡು ಎಲ್ಲಿ ಹೋದವು ಎಂದು ಹಿಂದಿನ ಬೆಂಚಿನ ಹುಡುಗನೂ ಕೇಳುತ್ತಾನೆ. ಆ ಜೋಡಿಯನ್ನು ಬಿಟ್ಟು ಕಲಿತವರಿಗೆ ಮುಂದೆ ಪಿಯುಸಿಯಲ್ಲಿ ಅಮೋನಿಯಾ ಏಕೆ ಚಪ್ಪಟೆಯಾಗಿಲ್ಲ, ಹೈಡ್ರೋಜನ್ ಅಯಾನನ್ನು ಹೇಗೆ ಸೇರಿಸಿಕೊಂಡು ಅಮೋನಿಯಂ ಆಗುತ್ತದೆ ಎಂಬುದು ಅರ್ಥವಾಗುವುದಾದರೂ ಹೇಗೆ?

ನೀರಿನ ಅಣುವಿನಲ್ಲಂತೂ ಚಿತ್ರ ಸರಿಯಿದ್ದರೂ ತಪಾಸಣೆ ಸರಿಯಿಲ್ಲ. ಆಕ್ಸಿಜನ್ನಿನ ಒಂಟಿ ಜೋಡಿಗಳನ್ನು ಮೇಲೆ ಬರೆಯದೆ ಕೆಳಗೆ ಬರೆದರೆ ತಪ್ಪು ಎನ್ನುತ್ತದೆ. ಚುಕ್ಕಿ ರಚನೆಯಲ್ಲಿ ಎಣಿಸಬೇಕಾದದ್ದು ಎಲೆಕ್ಟ್ರಾನ್‌ಗಳನ್ನೇ ಹೊರತು ಅವು ಯಾವ ದಿಕ್ಕಿನಲ್ಲಿವೆ ಎಂಬುದನ್ನಲ್ಲ.

ಈ ಬಗ್ಗೆ ಸಹಾಯವಾಣಿಗೆ ಬರೆದಾಗ ‘ನಿಮ್ಮ ಉತ್ತರ ಮಾದರಿ ಉತ್ತರಕ್ಕೆ ಹೊಂದುತ್ತಿಲ್ಲ, ವಿಡಿಯೋ ಮತ್ತೊಮ್ಮೆ ನೋಡಿ’ ಎಂಬ ಸಿದ್ಧ ಉತ್ತರ ಬಂದಿತು. ಮಾದರಿ ಉತ್ತರವೇ ತಪ್ಪೆಂಬುದು ನಮ್ಮ ದೂರು.

ಆದ್ದರಿಂದ ಈ ಅಭ್ಯಾಸವನ್ನು ಕೂಡಲೇ ತಡೆಹಿಡಿದು, ರಸಾಯನಶಾಸ್ತ್ರ ಬಲ್ಲವರಿಂದ ಪ್ರತಿಯೊಂದು ಚಿತ್ರವನ್ನೂ ಪರಿಶೀಲಿಸಿ, ಮಕ್ಕಳ ಅಂಕಗಳನ್ನು ತಿದ್ದಿಕೊಡಬೇಕೆಂದು ಕೋರುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಗೆ ಮುನ್ನ ಇದು ಆಗದಿದ್ದಲ್ಲಿ ಚಂದಾದ ಉಳಿದ ಅವಧಿಯ ಹಣವನ್ನು ಶಾಲೆಯ ಖಾತೆಗೆ ಹಿಂದಿರುಗಿಸಬೇಕು. ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ