ಗುಂಡ್ಲಿಂಗ್ ಆಕರಗಳು: ಶನಿವಾರದೊಳಗೆ ಹಾಕಿ

ಎಲ್ಲರಿಗೂ ನಮಸ್ಕಾರ. ಪ್ರಷ್ಯದ ದೊರೆ ಒಂದನೇ ಫ್ರೆಡ್ರಿಕ್ ವಿಲ್ಹೆಲ್ಮ್‌ನ ಆಸ್ಥಾನದಲ್ಲಿ ನಗೆಪಾಟಲಿಗೀಡಾದ ವಿದ್ವಾಂಸ ಯಾಕೋಬ್ ಪೌಲ್ ಗುಂಡ್ಲಿಂಗ್ (1673–1731) ಬಗ್ಗೆ ಆಕರ ಹುಡುಕುತ್ತಿರುವವರು ಟಿಪ್ಪಣಿಗಳನ್ನು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ.

ಬದುಕಿದ್ದಾಗಿನ ಬರಹ, ಸತ್ತ ಮೇಲಿನ ಬರಹ ಬೇರೆ ಬೇರೆ ಇರಲಿ. ಅವರನ್ನು ವೈನ್ ಪೀಪಾಯಿಯಲ್ಲಿ ಹೂಳಿದ ಸಂಗತಿ ಎಲ್ಲೆಡೆ ಸಿಗುತ್ತದೆ. ಬರೆದವರು, ವರ್ಷ ಇಲ್ಲದೆ ಕಳಿಸಬೇಡಿ. 1729ರಲ್ಲಿ ಅವರನ್ನು ಹಂಗಿಸಿ ಪುಸ್ತಕ ಬರೆದ ಫಾಸ್‌ಮನ್ ಆಸ್ಥಾನದಲ್ಲಿ ಅವರ ಎದುರಾಳಿ. ಅದನ್ನೊಂದೇ ನಂಬಿದರೆ ಆ ಮನುಷ್ಯನಿಗೆ ಮತ್ತೆ ಅನ್ಯಾಯ. ತತ್ವಜ್ಞಾನಿ ಲೈಬ್ನಿಟ್ಸ್ ನಂತರ ಬರ್ಲಿನ್‌ನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದವರು ಗುಂಡ್ಲಿಂಗರೇ!

ಕ್ಯಾಟಲಾಗ್‌ನಲ್ಲಿ ಪೂರ್ತಿ ಹೆಸರು ನೋಡಿ. ಅಣ್ಣ ನಿಕೊಲಾಸ್ ಹಿಯೆರೊನಿಮಸ್ ಜರ್ಮನಿಯ ಹಾಲೆ ಊರಿನಲ್ಲಿ ಪ್ರಾಧ್ಯಾಪಕ, ಇಬ್ಬರ ಪುಸ್ತಕಗಳೂ ಕಲಸಿಹೋಗುತ್ತವೆ. ಹಳೇ ಜರ್ಮನ್ ಅಚ್ಚಿನ ಉದ್ದ ‘ಎಸ್’ (ſ) ಸ್ಕ್ಯಾನ್‌ನಲ್ಲಿ ‘ಎಫ್’ ಆಗಿಬಿಡುತ್ತದೆ. ಎರಡೂ ಹಾಕಿ ಹುಡುಕಿ.

ಯಾರು ಯಾವುದನ್ನು ನೋಡುತ್ತೀರಿ, ಇವತ್ತೇ ತಿಳಿಸಿ.